ಕೈ ನೋವಾ, ಪರೀಕ್ಷೆ ಭಯಾನಾ?

ಪ್ರಶ್ನೆ: ನಮ್ದು ಸೋಮವಾರಪೇಟೆ ಹತ್ರ ಹಳ್ಳಿ. ಮಗ ಹತ್ತನೇ ಕ್ಲಾಸು. ಬಾಯಲ್ಲಿ ಕೇಳಿದ್ರೆ ಪಟಪಟ ಅಂತ ಹೇಳ್ತಾನೆ, ಟೆಸ್ಟಲ್ಲಿ ಮಾತ್ರ ಅರ್ಧ ಪೇಪರ್ ಖಾಲಿ ಬಿಟ್ಟು ಬರ್ತಾನೆ. ಟೆಸ್ಟ್ ದಿನ ಬೆಳಿಗ್ಗೆ ಹೊಟ್ಟೆನೋವು ಗ್ಯಾರಂಟಿ. ಶಾಲೆಗೆ ತಿಂಗಳಿಗೊಂದ್ಸಲ ಬರೋ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ತೋರಿಸಿ ಅಂದ್ರು ಟೀಚರ್. ಅತ್ತೆ "ಹುಡುಗಂಗೆ ಏನಾಗಿದೆ ಅಂತ ಥೆರಪಿ" ಅಂತ ಕೂಗಾಡ್ತಿದಾರೆ. ಇವ್ರು ಏನ್ ಮಾಡ್ತಾರೆ ಸ್ವಲ್ಪ ಹೇಳಿ.

ಉತ್ತರ: ಅತ್ತೆಗೆ ಕಾಫಿ ಕೊಟ್ಟು ಸಮಾಧಾನ ಮಾಡಿ ಮೊದ್ಲು. ನಾನೂ ಆಕ್ಯುಪೇಷನಲ್ ಥೆರಪಿಸ್ಟೇ. ದಿನಾ ಮಾಡೋ ಕೆಲಸ ಸಲೀಸಾಗಿ ಆಗೋ ಹಾಗೆ ನೋಡ್ಕೊಳೋದೇ ನಮ್ ಕೆಲಸ, ಶಾಲೆ ಮಕ್ಕಳಿಗೆ ಆ ಕೆಲಸ ಅಂದ್ರೆ ಬರೆಯೋದು, ಒಂದು ಕಡೆ ಕೂರೋದು, ಬ್ಯಾಗ್ ಜೋಡಿಸ್ಕೊಳೋದು, ಅಷ್ಟೇ. ನಾನು ಶಾಲೆಗೆ ಹೋದಾಗ ಮಾರ್ಕ್ಸ್ ಕಾರ್ಡ್ ಕೇಳಲ್ಲ, ನೋಟ್‌ಬುಕ್ ಹಾಳೆ ಮಗುಚಿ ಹಿಂದುಗಡೆ ಬೆರಳಾಡಿಸ್ತೀನಿ. ಅಕ್ಷರ ಉಬ್ಬಿ ಕೈಗೆ ಸಿಕ್ತಾ, ಹುಡುಗ ಪೆನ್ನನ್ನ ಗುದ್ದಲಿ ಥರ ಒತ್ತಿ ಬರೀತಿದಾನೆ ಅಂತ ಲೆಕ್ಕ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಪೇಪರ್ ಓದೋ 15 ನಿಮಿಷ ಬಿಟ್ಟು 3 ಗಂಟೆ, ಒಂದು ಗಂಟೆಗೇ ಹೆಬ್ಬೆರಳ ಬುಡ ಉರಿಯೋಕೆ ಶುರುವಾದ್ರೆ ಆಮೇಲೆ ಟೈಮ್ ಸಾಲಲ್ಲ, ಟೈಮ್ ಸಾಲಲ್ಲ ಅಂದ ಕೂಡ್ಲೇ ಗಾಬರಿ, ಗಾಬರಿಗೆ ಓದಿದ್ದೆಲ್ಲಾ ಮಾಯ. ಮುಂದಿನ ಟೆಸ್ಟ್ ದಿನ ಮೈಗೆ ಅದು ನೆನಪಿರುತ್ತೆ ನೋಡಿ, ಹೊಟ್ಟೆ ಹಿಡ್ಕೊಳುತ್ತೆ. ನಾಟಕ ಅಂತ ಬೈಬೇಡಿ.

ಆಮೇಲೆ ಬೆಂಚು. ಕಾಲು ನೆಲಕ್ಕೆ ಊರದೆ ನೇತಾಡ್ತಿದ್ರೆ ಸೊಂಟ, ಭುಜ ಎಲ್ಲಾ ಬಿಗಿ ಹಿಡಿಯುತ್ತೆ, ಮನೇಲಿ ಕಾಲಡಿ ಒಂದು ಹಲಗೆ ಇಡಿ ಸಾಕು. ದಪ್ಪ ಪೆನ್ ಕೊಡ್ಸಿ. ಥೆರಪಿಸ್ಟ್ ಹಿಡಿತ ನೋಡಿ ಬೆರಳಿಗೆ ಎಕ್ಸರ್‌ಸೈಜ್ ಕೊಡ್ತಾರೆ, ಮೊದ್ಲು 20 ನಿಮಿಷ ಬರೆಸಿ ನಿಧಾನಕ್ಕೆ ಜಾಸ್ತಿ ಮಾಡ್ತಾರೆ.

ಇನ್ನೊಂದು, ಓದೋ ಹುಡುಗ ಅಂತ ಕಾಫಿ ಒಣಗಿಸೋ ಕಣದ ಹತ್ರಾನೂ ಬಿಡ್ತಿಲ್ವೇನೋ? ಹೋಗೋಕೆ ಬಿಡಿ. ತಳ್ಳೋದು, ಎಳೆಯೋದು, ಭಾರ ಎತ್ತೋದು ಮಾಡಿದ್ರೆ ಎಷ್ಟೋ ಮಕ್ಕಳ ಮೈ ಶಾಂತ ಆಗುತ್ತೆ, ನಾವು ಕ್ಲಿನಿಕ್ಕಲ್ಲಿ ಗೋಡೆ ತಳ್ಸಿ ಮಾಡ್ಸೋದು ಇದನ್ನೇ. ಓದೋಕೆ ಕೂರೋ ಮುಂಚೆ ಕಾಲು ಗಂಟೆ ಕಾಫಿ ಮಗುಚಿ ಬರ್ಲಿ. ಆದ್ರೆ ನಿದ್ದೆ ಊಟ ಬಿಟ್ಟು ಒಬ್ನೇ ಕೂರ್ತಿದಾನೆ, ಬದುಕೋದೇ ಬೇಡ ಅಂತಾನೆ ಅಂದ್ರೆ ನಮ್ಮನ್ನ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಸಿಗ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಾನು ಗೋಣಿಕೊಪ್ಪ ಕಡೆ ಹೈಸ್ಕೂಲ್ ಮೇಷ್ಟ್ರು. ಕಲಿಕಾ ತೊಂದರೆ ಇರೋರಿಗೆ ಪರೀಕ್ಷೇಲಿ ಎಕ್ಸ್‌ಟ್ರಾ ಟೈಮ್ ಕೊಡ್ತಾರಂತೆ, ನಿಜಾನಾ?

ಉತ್ತರ: ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿರೋ 21 ನ್ಯೂನತೆಗಳ ಪಟ್ಟೀಲಿ ಕಲಿಕಾ ನ್ಯೂನತೆನೂ ಸೇರಿದೆ. ಸರ್ಟಿಫಿಕೇಟ್ ಬೇಕು, ಅರ್ಜಿ ಶಾಲೆ ಮೂಲಕಾನೇ ಹೋಗ್ಬೇಕು. ಫೆಬ್ರವರೀಲಿ ಓಡಾಡಿದ್ರೆ ಆಗಲ್ಲ ಸಾರ್, ಒಂಬತ್ತನೇ ಕ್ಲಾಸಲ್ಲೇ ಬಿಆರ್‌ಸಿ, ಅಂದ್ರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರನ್ನ ಕೇಳಿ. ಕಲಿಕಾ ತೊಂದರೆ ಇದ್ಯಾ ಅಂತ ತಪಾಸಣೆ ಮಾಡ್ಸೋಕೆ ನಮ್ಮೋರು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗ್ತಾರೆ.

ಪ್ರಶ್ನೆ: ನಾನು ವಿರಾಜಪೇಟೆ, ಹತ್ತನೇ ಕ್ಲಾಸ್. ಜುಲೈ ಟೆಸ್ಟಲ್ಲಿ ಛಾವಣಿ ಶೀಟ್ ಮೇಲೆ ಮಳೆ ಬೀಳೋ ಸೌಂಡಿಗೆ ಒಂದೂ ಪ್ರಶ್ನೆ ತಲೆಗೆ ಹೋಗ್ಲಿಲ್ಲ. ಪಕ್ಕದೋಳು ಆರಾಮಾಗಿ ಬರೀತಿದ್ಲು. ಕೈ ಬೇರೆ ಬೆವರುತ್ತೆ.

ಉತ್ತರ: ಕೆಲವ್ರ ಕಿವಿಗೆ ಯಾವ ಸೌಂಡ್ ಬಿಡ್ಬೇಕು ಅಂತ ಗೊತ್ತಾಗಲ್ಲ ಪುಟ್ಟಿ, ನೀನು ದಡ್ಡಿ ಅಲ್ಲ. ಪಬ್ಲಿಕ್ ಪರೀಕ್ಷೆ ಮಾರ್ಚಲ್ಲಿ, ಕಾಫಿ ಹೂ ಅರಳಿಸೋ ಹೂ ಮಳೆ ಬಂದ್ರೆ ಒಂದಿನ ಬರುತ್ತೆ, ಅಷ್ಟೇ. ಅಲ್ಲೀವರೆಗೂ ಮನೇಲಿ ಹಳೇ ಪೇಪರ್ ಬರೀವಾಗ ಅಡುಗೆಮನೆ ಗಲಾಟೆ ಕೇಳೋ ಕಡೆನೇ ಕೂತ್ಕೋ, ದಿನಕ್ಕೆ ಹತ್ತು ನಿಮಿಷ ಮಾತ್ರ. ಹಾಲಲ್ಲಿ ಪೇಪರ್ ಕೈಗೆ ಬರೋ ಮುಂಚೆ ಬೆಂಚನ್ನ ಎರಡೂ ಕೈಯಲ್ಲಿ ಒತ್ತಿ ಮೈ ಸ್ವಲ್ಪ ಮೇಲಕ್ಕೆತ್ತು, ಐದ್ಸಲ. ಉಸಿರು ಒಳಗೆ ತಗೊಂಡಿದ್ದಕ್ಕಿಂತ ನಿಧಾನಕ್ಕೆ ಬಿಡು. ಜೆಲ್ ಪೆನ್ ಬೇಡ, ಬೆವರಿಗೆ ಕಲಸಿ ಹೋಗುತ್ತೆ. ಕರ್ಚೀಫ್ ಎರಡು ಇಟ್ಕೋ.