ಹಸಿವು ಬಂದ್ ಮಾಡುವ ಪುಡಿ ತಗೊಳ್ಳಲೇ, ಮೇಡಂ?

ಪ್ರಶ್ನೆ: ಮೇಡಂ, ಐದು ತಿಂಗಳಲ್ಲಿ 11 ಕೆ.ಜಿ. ಇಳಿಸಿದೆ. ಈಗ ಮೊದಲಿಗಿಂತ ಜಾಸ್ತಿ ಹಸಿವು. ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ದಾಟಿ ಬರೋದೇ ಕಷ್ಟ. ಪರಿಚಯದವರು ‘ಹಸಿವಿನ ಹಾರ್ಮೋನ್ ಬಂದ್ ಮಾಡುತ್ತೆ’ ಅಂತ ಒಂದು ಪುಡಿ ಕೊಟ್ಟಿದ್ದಾರೆ. ಶುಗರ್ ಮಾತ್ರೆಯೂ ನಡೀತಿದೆ. ತಗೊಳ್ಳಲೇ?
– ಗೃಹಿಣಿ, ದಾವಣಗೆರೆ

ಬೇಡ ತಾಯಿ. ವಾರ ಬಿಟ್ಟು ವಾರ ಇದೇ ಪ್ರಶ್ನೆ ಬರುತ್ತದೆ. ಇಂಥ ಪುಡಿ ಮಾರುವವರ ಮೇಲೆ ನನಗೆ ಸಿಟ್ಟಿದೆ.

ಹೊಟ್ಟೆ ಖಾಲಿಯಾದಾಗ ಜಠರ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ಬಿಡುತ್ತದೆ. ಅದನ್ನು ಹಿಡಿದು ಹಸಿವೆಬ್ಬಿಸುವ ಗ್ರಾಹಕ (ರಿಸೆಪ್ಟರ್) ಮಿದುಳಿನ ಹೈಪೊಥಲಾಮಸ್‌ನಲ್ಲಿದೆ. ವಿಜ್ಞಾನಿಗಳಿಗೆ ಗ್ರಾಹಕ ಸಿಕ್ಕಿದ್ದು 1996ರಲ್ಲಿ. ಅದಕ್ಕೆ ಕೂರುವ ಗ್ರೆಲಿನನ್ನು ಜಪಾನಿನ ಕೊಜಿಮಾ, ಕಂಗಾವಾ ಅವರ ತಂಡ ಪತ್ತೆ ಹಚ್ಚಿದ್ದು 1999ರಲ್ಲಿ. ಗ್ರೆಲಿನ್ ಬಾರದಿದ್ದರೂ ಈ ಗ್ರಾಹಕ ಹೆಚ್ಚುಕಡಿಮೆ ಅರ್ಧ ಬಲದಲ್ಲಿ ದುಡಿಯುತ್ತಲೇ ಇರುತ್ತದೆ. ಅದನ್ನು ಸುಮ್ಮನಾಗಿಸುವುದು ಯಕೃತ್ತು ಮತ್ತು ಸಣ್ಣಕರುಳು ತಯಾರಿಸುವ ಲೀಪ್-2 ಎಂಬ ಇನ್ನೊಂದು ಹಾರ್ಮೋನ್. ತೂಕ ಇಳಿದಾಗ ಗ್ರೆಲಿನ್ ಏರುತ್ತದೆ, ಲೀಪ್-2 ಇಳಿಯುತ್ತದೆ. ನಿಮಗೆ ಆಗಿರುವುದು ಇದೇ. ‘ನಾಲಿಗೆ ಹಿಡಿತದಲ್ಲಿಲ್ಲ’ ಎಂದು ಮನೆಯವರು ಮೂದಲಿಸಿದರೆ ಇದನ್ನು ಓದಿ ಹೇಳಿ.

ಉಪವಾಸದಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಕಾಯುವುದರಲ್ಲೂ ಗ್ರೆಲಿನ್‌ಗೆ ಕೈ ಇದೆ. ಇನ್ಸುಲಿನ್ ಸ್ರವಿಕೆಗೆ ಲಗಾಮು ಹಾಕುತ್ತದೆ, ಬೆಳವಣಿಗೆ ಹಾರ್ಮೋನ್ ಬಿಡಿಸುತ್ತದೆ. ಶುಗರ್ ಮಾತ್ರೆ ನುಂಗಿ, ಪುಡಿಯಿಂದ ಹಸಿವು ಕಟ್ಟಿ, ಊಟ ಬಿಟ್ಟರೆ? ಕೆಲವು ಮಾತ್ರೆಗಳಲ್ಲಿ ಸಕ್ಕರೆ ಇಳಿದು ಎಲ್ಲೆಂದರಲ್ಲಿ ಬೀಳುತ್ತೀರಿ. ಇಂಥ ಪುಡಿಗಳಲ್ಲಿ ಕದ್ದು ಬೆರೆಸಿದ ಸಿಬುಟ್ರಮಿನ್ ಹಲವು ದೇಶಗಳಲ್ಲಿ ಸಿಕ್ಕಿದೆ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲೇ ನಿಷೇಧಿಸಿದ ಔಷಧಿ ಅದು.

ಎರಡು ತಿಂಗಳು ತೂಕ ಇಳಿಸುವ ಹಟ ಬಿಡಿ, ಇಳಿದಷ್ಟನ್ನು ಉಳಿಸಿಕೊಳ್ಳಿ. ನಾನು ಅವಸರ ಮಾಡಿಸುವುದಿಲ್ಲ. ಬೆಳಿಗ್ಗೆ ಮೊಳಕೆಕಾಳು, ಮೊಟ್ಟೆ, ಮೊಸರು ಇರಲಿ. ಪ್ರೋಟೀನು ಗ್ರೆಲಿನನ್ನು ಹೆಚ್ಚು ಹೊತ್ತು ತಗ್ಗಿಸುತ್ತದೆ, ಕೊಬ್ಬಿಗೆ ಆ ಶಕ್ತಿ ಕಡಿಮೆ, ಬೆಣ್ಣೆದೋಸೆ ಭಾನುವಾರಕ್ಕಿರಲಿ. ನಿದ್ದೆ ಕೆಡಿಸಬೇಡಿ: ಯುವಕರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಎರಡೇ ರಾತ್ರಿ ನಾಲ್ಕು ತಾಸು ಮಲಗಿಸಿದ್ದಕ್ಕೆ ಗ್ರೆಲಿನ್ ಶೇ 28ರಷ್ಟು ಏರಿತ್ತು.

ಪ್ರಶ್ನೆ: ಗ್ರೆಲಿನ್ ರಕ್ತಪರೀಕ್ಷೆ ಮಾಡಿಸಲೇ? – ಹೊಳಲ್ಕೆರೆ
ದುಡ್ಡು ದಂಡ. ಊಟಕ್ಕೆ ಮುಂಚೆ ಏರಿ, ಉಂಡಮೇಲೆ ಇಳಿಯುವ ಅಂಕಿಯಿಂದ ನಿಮ್ಮ ಚಿಕಿತ್ಸೆ ಬದಲಾಗದು.

ಪ್ರಶ್ನೆ: ಜೀರಿಗೆ ನೀರು ಕುಡಿದರೆ ಈ ಹಾರ್ಮೋನ್ ನಿಲ್ಲುತ್ತಾ? – ಹಿರಿಯೂರು
ಇಲ್ಲ.

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್. ಊಟವೇ ಸೇರುತ್ತಿಲ್ಲ, ಸೊರಗಿದ್ದಾರೆ. – ಚಿತ್ರದುರ್ಗ
ಗ್ರೆಲಿನ್ ಕೂರುವ ಗ್ರಾಹಕವನ್ನೇ ಎಬ್ಬಿಸುವ ಅನಮೊರೆಲಿನ್ ಮಾತ್ರೆಗೆ ಜಪಾನ್ 2021ರಲ್ಲಿ, ಕೆಲವು ಕ್ಯಾನ್ಸರ್‌ಗಳಲ್ಲಿ ಮಾತ್ರ, ಒಪ್ಪಿಗೆ ಕೊಟ್ಟಿದೆ. ಅದನ್ನು ಹುಡುಕಿಕೊಂಡು ಓಡಾಡಬೇಡಿ. ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ವೈದ್ಯರಿಗೆ ಅಪ್ಪನ ತೂಕ ಎಷ್ಟು ಇಳಿದಿದೆ ಎಂದು ಈ ವಾರವೇ ಹೇಳಿ.