ಅವ್ವ ಜರ್ಮನಿಗೆ ಹೊಂಟಾಳ, ಆಕಿ ಫೋನಿಗೆ ಏನ್ ಮಾಡೋದ್ರಿ?

ಪ್ರಶ್ನೆ: ನಮ್ಮಕ್ಕ ಜರ್ಮನಿಯ ಸ್ಟುಟ್‌ಗಾರ್ಟ್‌ನ್ಯಾಗ ಇರ್ತಾಳ್ರಿ, ಆಕಿ ಬಾಣಂತನಕ್ಕ ಅವ್ವ ಮೂರು ತಿಂಗಳು ಹೊಂಟಾಳ, ದುಬೈ ಮ್ಯಾಲಿಂದ ಫ್ಲೈಟ್. ಪೆನ್ಶನ್, ಬ್ಯಾಂಕ್ ಓಟಿಪಿ ಎಲ್ಲಾ ಅವ್ವನ ನಂಬರಿಗೇ ಬರ್ತಾವು. ರೋಮಿಂಗ್ ಪ್ಯಾಕ್ ರೇಟ್ ನೋಡಿ ಗಾಬರಿ ಆಗೈತಿ. ಸಿಮ್ ತಗದು ಮನ್ಯಾಗ ಇಟ್ಟು ಹೋಗಲೇನ್ರಿ? (ಓದುಗರು, ಜಮಖಂಡಿ)

ಉತ್ತರ: ಸಿಮ್ ತಗೀಬ್ಯಾಡ್ರಿ. ವಿಜಯಪುರದಾಗ ನಮ್ಮ ಅಂಗಡಿಗೆ ಬರೋ ಮಂದಿನೂ ಇದನ್ನ ಕೇಳ್ತಾರ, ಎಲ್ಲಾರಿಗೂ ನಾ ಹೇಳೋದು ಒಂದ, ನಂಬರ್ ಇಲ್ಲಿದು ಇರ್ಲಿ, ನೆಟ್ ಅಲ್ಲಿದು ಇರ್ಲಿ.

ಇಲ್ಲಿ ಸಿಮ್ ಓಟಿಪಿಗೆ ಅಷ್ಟ. ಬೇರೆ ದೇಶದಾಗ ಇದ್ದಾಗ ಬರೋ ಎಸ್ಸೆಮ್ಮೆಸ್ಸಿಗೆ ನಮ್ಮ ಕಂಪನಿಯವ್ರು ಸಾಮಾನ್ಯವಾಗಿ ರೊಕ್ಕ ಹಿಡಿಯೋದಿಲ್ಲ, ಆದ್ರ ಇಂಟರ್‌ನ್ಯಾಶನಲ್ ರೋಮಿಂಗ್ ಸರ್ವೀಸ್ ಊರು ಬಿಡೋ ಮೊದಲ ಆನ್ ಮಾಡಿಸಿರ್ಬೇಕು, ಕೆಲವು ಕಡೆ ಒಂದು ಸಣ್ಣ ಪ್ಯಾಕ್ ಹಾಕಿದ್ರನ ಅಲ್ಲಿ ನೆಟ್‌ವರ್ಕ್ ಹಿಡೀತೈತಿ, ಅದನ್ನ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಬಾಯಿಬಿಟ್ಟು ಕೇಳ್ರಿ. ರಿಚಾರ್ಜ್ ವ್ಯಾಲಿಡಿಟಿನೂ ನೋಡ್ರಿ. 84 ದಿನದ್ದು ಹಾಕಿಸಿದ್ರ ಮೂರು ತಿಂಗಳು ಮುಗಿಯೋದ್ರೊಳಗ ಅದು ಮುಗೀತೈತಿ, ಅವಾಗ ನೀವ ಜಮಖಂಡಿಯಿಂದ ಹಾಕ್ರಿ. ಇನ್ನ ಆ ನಂಬರಿಗೆ ಕಾಲ್ ಬಂದ್ರ ಅವ್ವ ಎತ್ತಬಾರ್ದು, ರೋಮಿಂಗ್‌ನ್ಯಾಗ ಬಂದ ಕಾಲ್ ಎತ್ತಿದ್ರೂ ರೊಕ್ಕ ಹೋಗ್ತೈತಿ, ಲೋನ್ ಬೇಕೇನು ಅಂತ ಕೇಳೋರ್ದು ಇದ್ರೂ ಹೋಗ್ತೈತಿ. ಹೊರಡೋ ಮೊದಲ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ಎಲ್ಲಾ ತಗದ್ಬಿಡ್ರಿ.

ಬಹಳ ಮುಖ್ಯದ್ದು, ಸೆಟ್ಟಿಂಗ್ಸ್‌ನ್ಯಾಗ ಈ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರ್ಬೇಕು. ನಮ್ಮ ಚಿಗವ್ವ ದುಬೈಗೆ ಹೋದಾಗ ಅದು ಆನ್ ಇತ್ತು, ವಿಮಾನ ಇಳಿದು ಬ್ಯಾಗ್ ಬರೋದ್ರೊಳಗ ಫೋಟೋ ಬ್ಯಾಕಪ್ ತಾನ ಶುರು ಆಗಿ, ಆಮ್ಯಾಲೆ ಬಂದ ಬಿಲ್ ನೋಡಿ ಪಾಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ನಿಮ್ಮವ್ವಗ ಹಂಗಾಗೋದು ಬ್ಯಾಡ.

ಅಲ್ಲೀ ನೆಟ್ಟಿಗೆ ಬರೋಣ. ಬಾಣಂತನ ಅಂದ್ರ ಅವ್ವ ದಿನದಾಗ ಹೆಚ್ಚು ಹೊತ್ತು ಮನ್ಯಾಗ ಇರೋದು, ಅಕ್ಕನ ಮನೀ ವೈಫೈ ಸಾಕು. ಹೊರಗ ಹೋಗೋದಕ್ಕ ಒಂದು ಪ್ರೀಪೇಯ್ಡ್ ಸಿಮ್ ಅಕ್ಕಗ ತರಾಕ ಹೇಳ್ರಿ. ಆಲ್ಡಿ, ಲಿಡ್ಲ್ ಅಂತ ಕಿರಾಣಿ ಸಾಮಾನಿನ ದೊಡ್ಡ ಅಂಗಡಿ ಅದಾವಲ್ಲ, ಅಲ್ಲೇ ಸಿಗ್ತಾವು, ನಾಕು ವಾರಕ್ಕ ಸುಮಾರು 10ರಿಂದ 15 ಯುರೋ. ಜರ್ಮನಿಯಾಗ 2017ರಿಂದ ಪ್ರೀಪೇಯ್ಡ್ ಸಿಮ್ಮಿಗೂ ಗುರುತಿನ ಚೀಟಿ ತೋರ್ಸಬೇಕು, ಅದಕ್ಕ ಅವ್ವ ಬರೋ ಮೊದಲ ಅಕ್ಕ ಮುಗಿಸಿ ಇಟ್ಟಿರ್ಲಿ. ಹೊಸಾ ಸಿಮ್ ಹಾಕಿದ ಕೂಡ್ಲೇ ವಾಟ್ಸಾಪ್ ನಂಬರ್ ಬದಲಿ ಮಾಡ್ಲೇನು ಅಂತ ಕೇಳಿದ್ರ ಬ್ಯಾಡ ಅನ್ಬೇಕು, ಹಳೇ ನಂಬರಿನ ಮ್ಯಾಲೇ ನಡೀತೈತಿ. ಫೋನಿನ್ಯಾಗ ಇರೋ ನಂಬರೆಲ್ಲಾ +91 ಹಚ್ಚಿ ಸೇವ್ ಮಾಡ್ರಿ, ಬರೇ ಹತ್ತು ಅಂಕಿ ಇದ್ರ ಅಲ್ಲಿಂದ ಕಾಲ್ ಹತ್ತೂದಿಲ್ಲ.

ಈಗ ಒಂದು ಮಾತು ಹೇಳ್ಲೇಬೇಕು. ಹಿಂದಕ ನಿಪ್ಪಾಣಿ ಕಡೆ ಹೋದ್ರ ಫೋನು ಮಹಾರಾಷ್ಟ್ರದ ಟವರ್ ಹಿಡ್ದು, ಊರಾಗ ನಿಂತೂ ರೋಮಿಂಗ್ ರೊಕ್ಕ ಕಟ್ ಆಗ್ತಿತ್ತು, ನೆನಪೈತೇನ್ರಿ? ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕ ಸ್ವಿಟ್ಜರ್ಲೆಂಡ್ ಗಡಿ ಹತ್ರ ಐತಿ, ಅಲ್ಲೂ ಹಂಗ. ಜೂನ್ 2017ರಿಂದ ಯುರೋಪಿಯನ್ ಯೂನಿಯನ್ ಒಳಗ ಯಾವ ದೇಶಕ್ಕ ಹೋದ್ರೂ ಆ ಜರ್ಮನ್ ಸಿಮ್ ಮನೀ ರೇಟಿನ್ಯಾಗ ನಡೀತೈತಿ, ಪ್ಯಾರಿಸ್ಸಿಗೆ ಹೋದ್ರೂ ಚಿಂತಿ ಇಲ್ಲ, ಆದ್ರ ಸ್ವಿಟ್ಜರ್ಲೆಂಡ್ ಆ ಯೂನಿಯನ್ನಿನ್ಯಾಗ ಇಲ್ಲ. ಶನಿವಾರ ರೈನ್ ಜಲಪಾತ ನೋಡ್ಕೊಂಡು ಬರೋಣು ಅಂತ ಮಂದಿ ಹೋಗ್ತಾರ, ಅದು ಇರೋದು ಸ್ವಿಟ್ಜರ್ಲೆಂಡಿನ್ಯಾಗ! ಪ್ಲ್ಯಾನಿನ್ಯಾಗ ಸ್ವಿಟ್ಜರ್ಲೆಂಡ್ ಅಂತ ಬರ್ದಿದ್ರ ಸರಿ, ಇಲ್ಲಾಂದ್ರ ಗಡಿ ದಾಟೋ ಮೊದಲ ಎರಡೂ ಸಿಮ್ಮಿನ ಡೇಟಾ ಬಂದ್ ಮಾಡಿ, ಮ್ಯಾಪ್ ಆಫ್‌ಲೈನ್ ಇಳಿಸ್ಕೊಂಡು ಹೋಗ್ಲಿ.

ದುಬೈದಾಗ ಏರ್‌ಪೋರ್ಟ್ ವೈಫೈ ಫ್ರೀ ಐತಿ, ಆದ್ರ ಅಲ್ಲಿ ವಾಟ್ಸಾಪ್ ಕಾಲ್ ಸಾಮಾನ್ಯವಾಗಿ ಹೋಗೋದಿಲ್ಲ, ಮೆಸೇಜು, ವಾಯ್ಸ್ ನೋಟ್ ಹೋಗ್ತಾವು. ಇದನ್ನ ಮೊದಲ ಹೇಳಿ ಇಡ್ರಿ, ಇಲ್ಲಾಂದ್ರ ಕಾಲ್ ಹತ್ತವಲ್ದು ಅಂತ ಅವ್ವ ಅಲ್ಲಿ, ನೀವು ಇಲ್ಲಿ, ಇಬ್ರೂ ಹೆದರ್ತೀರಿ.

ಸಿಮ್ ಟ್ರೇ ತಗಿಯೋ ಪಿನ್ನು ಪಾಸ್‌ಪೋರ್ಟ್ ಕವರಿನ ಒಳಗ ಟೇಪ್ ಹಚ್ಚಿ ಅಂಟ್ಸಿರಿ, ಅಂಟಿನುಂಡಿ ಡಬ್ಬಿ ಇರೋ ಬ್ಯಾಗಿನ್ಯಾಗ ಹಾಕಿದ್ರ ಬೇಕಾದಾಗ ಸಿಗೂದಿಲ್ಲ. ಹೊರಡೋ ಹಿಂದಿನ ವಾರ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಅಷ್ಟ ಆನ್ ಮಾಡಿ, ಅವ್ವನ ಕೈಯಾಗ ಫೋನ್ ಕೊಟ್ಟು ನೀವು ಆಚೀ ಕೋಲ್ಯಾಗ ಕುಂದರ್ರಿ, ಆಕಿನ ವೈಫೈ ಪಾಸ್‌ವರ್ಡ್ ಹೊಡ್ದು ಆಕಿನ ವಿಡಿಯೋ ಕಾಲ್ ಮಾಡ್ಲಿ, ನಾಕೈದು ಸಲ ಮಾಡಿಸ್ರಿ.