20 ಸಾವಿರದೊಳಗೆ ಹಗಲು ಕ್ಲಾಸಿಗೂ ರಾತ್ರಿ ಬಯಲು ಸಿನಿಮಾಗೂ ಆಗುವ ಒಂದೇ ಪ್ರೊಜೆಕ್ಟರ್ ಯಾವುದು?

ಮೇಷ್ಟ್ರೇ, ಸಕಲೇಶಪುರ ಕಡೆಯ ಹೆಂಚಿನ ಶಾಲೆ, 22 ಮಕ್ಕಳು ಅಂದಿದ್ದೀರಿ. ಊರಿನ ಹೆಸರು ಮೂಡಿಗೆರೆ ಅಂತ ಬದಲಿಸಿದರೆ ಇದು ನನ್ನದೇ ಪ್ರಶ್ನೆ. ಆ ದುಡ್ಡಿಗೆ ಅಂಥ ಪ್ರೊಜೆಕ್ಟರ್ ಸಿಗಲ್ಲ. ಹುಡುಕೋದು ಬಿಡಿ.

ನಮ್ಮದು ಹಳೆ ವಿದ್ಯಾರ್ಥಿಗಳು ಸೇರಿಸಿಕೊಟ್ಟ ದುಡ್ಡು. ಆನ್‌ಲೈನ್‌ನಲ್ಲಿ ತರಿಸಿದೆ. ಡಬ್ಬದ ಮೇಲೆ '9000 ಲುಮೆನ್ಸ್' (ಲುಮೆನ್ಸ್ ಅಂದರೆ ಬೆಳಕಿನ ಅಳತೆ), 'ಫುಲ್ ಎಚ್‌ಡಿ ಸಪೋರ್ಟ್' ಅಂತ ದಪ್ಪ ಅಕ್ಷರ. ಬಂದಿದ್ದು ಬೇಸಿಗೆ ರಜೆಯಲ್ಲಿ. ಊಟ ಆದ ಮೇಲೆ ಮನೆಯ ಲೈಟ್ ಆರಿಸಿ ಗೋಡೆಗೆ ಬಿಟ್ಟೆ. ಥಿಯೇಟರೇ! ಪಕ್ಕದ ಮನೆಯವರೂ ಬಂದು ಕೂತರು. ನಾನು ಕೆಟ್ಟಿದ್ದು ಅಲ್ಲೇ. ಹಗಲು ಹನ್ನೊಂದು ಗಂಟೆಗೆ ಪಾಠ ಮಾಡುವ ಸಾಮಾನನ್ನು ರಾತ್ರಿ ಒಂಬತ್ತಕ್ಕೆ ನೋಡಿ ಪಾಸ್ ಮಾಡಿದೆ. ಕತ್ತಲಲ್ಲಿ ಯಾವ ಪ್ರೊಜೆಕ್ಟರ್ ಆದರೂ ಚೆನ್ನಾಗೇ ಕಾಣುತ್ತೆ. ಮಾರನೇ ದಿನ ಶಾಲೆಯ ಬೀಗ ತೆಗೆದು ಒಂದು ಸಲ ಹಚ್ಚಿದ್ದರೆ ಸಾಕಿತ್ತು. ಬೀಗದ ಕೈ ನನ್ನ ಹತ್ತಿರವೇ ಇತ್ತು! ಶಾಲೆ ಶುರುವಾಗುವ ಹೊತ್ತಿಗೆ ವಾಪಸ್ ಮಾಡುವ ಅವಧಿ ಮುಗಿದಿತ್ತು.

ಕ್ಲಾಸಿನಲ್ಲಿ ಹಚ್ಚಿದಾಗ ಗೋಡೆ ಮೇಲೆ ಏನೋ ಅಲುಗಾಡುತ್ತಿದೆ ಅನ್ನೋದಷ್ಟೇ ಗೊತ್ತಾಗುತ್ತಿತ್ತು. ಕಿಟಕಿಗೆಲ್ಲ ಕಂಬಳಿ ಕಟ್ಟಿದೆವು. ಆದರೆ ಮಾಡಿನಲ್ಲಿ ಗಾಜಿನ ಹೆಂಚು ಇರುತ್ತಲ್ಲ, ಅದಕ್ಕೇನು ಕಟ್ಟುತ್ತೀರಿ? ಒಬ್ಬ ಹುಡುಗನ ಅಪ್ಪ ಮೇಲೆ ಹತ್ತಿ ಗೋಣಿಚೀಲ ಹಾಸೋಕೆ ಹೋಗಿ ಪಕ್ಕದ ಹೆಂಚು ಒಡೆದರು. ಬೆಳಕು ಇನ್ನೂ ಜಾಸ್ತಿ ಆಯಿತು. ಜೂನ್‌ನಲ್ಲಿ ಅಲ್ಲಿಂದಲೇ ಸೋರಿತು.

ಯಾಕೆ ಹೀಗೆ ಅಂತ ಆಮೇಲೆ ಲೆಕ್ಕ ಹಾಕಿದೆ. ನಂಬಬೇಕಾದ್ದು ಆ 9000 ಅಲ್ಲ, ಆನ್ಸಿ ಲುಮೆನ್ಸ್. ಅಂದರೆ ಪರದೆಯ ಒಂಬತ್ತು ಜಾಗದಲ್ಲಿ ಬೆಳಕು ಅಳೆದು, ಸರಾಸರಿ ತೆಗೆದು, ಪರದೆಯ ವಿಸ್ತೀರ್ಣಕ್ಕೆ ಗುಣಿಸಿ ಬರುವ ಸಂಖ್ಯೆ. ನಮ್ಮ ಡಬ್ಬದ ಮೂಲೆಯಲ್ಲಿ ಸಣ್ಣದಾಗಿ ಅದೂ ಇತ್ತು: 200. 100 ಇಂಚಿನ ಚಿತ್ರ ಅಂದರೆ ಸುಮಾರು 2.75 ಚದರ ಮೀಟರ್. ಭಾಗಿಸಿದರೆ 73 ಲಕ್ಸ್, ಅಂದರೆ ಒಂದು ಚದರ ಮೀಟರಿಗೆ ಬೀಳುವ ಬೆಳಕು. ಓದುವ ಬರೆಯುವ ಕ್ಲಾಸಿಗೆ ಬೇಕಾದ ಬೆಳಕೇ 300 ಲಕ್ಸ್ ಅಂತಾರೆ. ಗೋಡೆ ಮೇಲೆ ಆಗಲೇ ಬಿದ್ದಿರುವ ಬೆಳಕಿನ ಮುಂದೆ ಈ 73 ಯಾವ ಲೆಕ್ಕ? ಅಲ್ಲದೆ ಪ್ರೊಜೆಕ್ಟರಿಗೆ ಕಪ್ಪು ಬಿಡೋಕೆ ಬರಲ್ಲ. ಬೆಳಕು ಬೀಳದ ಜಾಗವೇ ಕಪ್ಪು. ಹಗಲಲ್ಲಿ ಗೋಡೆ ಎಷ್ಟು ಬೆಳ್ಳಗಿರುತ್ತೋ ನಿಮ್ಮ ಕಪ್ಪು ಅಕ್ಷರವೂ ಅಷ್ಟೇ ಬೆಳ್ಳಗೆ. ಇನ್ನು 'ಸಪೋರ್ಟ್' ಅಂದರೆ ಫುಲ್ ಎಚ್‌ಡಿ ವಿಡಿಯೋ ಕೊಟ್ಟರೆ ತಗೊಳ್ಳುತ್ತೆ ಅಂತ ಅಷ್ಟೇ. ನಮ್ಮದು ತೋರಿಸೋದು 1280×720 ಚುಕ್ಕಿ, ಫುಲ್ ಎಚ್‌ಡಿಗಿಂತ ಕಮ್ಮಿ. 'ನೇಟಿವ್ ರೆಸಲ್ಯೂಷನ್' (ನಿಜವಾಗಿ ತೋರಿಸುವ ಚುಕ್ಕಿಗಳ ಲೆಕ್ಕ) ಎಷ್ಟು ಅಂತ ಕೇಳಬೇಕು.

ಹಾಗಾದರೆ 3300 ಲುಮೆನ್ಸ್‌ನ ನಿಜವಾದ ಕ್ಲಾಸ್‌ರೂಂ ಪ್ರೊಜೆಕ್ಟರ್? ಅದೇ ಅಳತೆಗೆ 1200 ಲಕ್ಸ್ ಕೊಡುತ್ತೆ, ಪಾಠ ನಡೆಯುತ್ತೆ. ಆದರೆ ನಿಮ್ಮ ಬಜೆಟ್ ದಾಟುತ್ತೆ. ಲ್ಯಾಂಪ್ ಇರುವಂಥದ್ದಾದರೆ ಆರಿಸಿದ ಮೇಲೂ ಫ್ಯಾನ್ ಓಡಿ ತಣ್ಣಗಾಗಬೇಕು. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ಲ, ಹೇಳಿ ಹೋಗಲ್ಲ. ಫ್ಯಾನ್ ಅಲ್ಲೇ ನಿಂತರೆ ಲ್ಯಾಂಪಿಗೆ ಪೆಟ್ಟು ಬೀಳಬಹುದು.

ಅದಕ್ಕೇ ನನ್ನ ಮಾತು ಕೇಳಿ, ಕ್ಲಾಸಿಗೆ ಟಿವಿ ತಗೊಳ್ಳಿ. 43 ಇಂಚು. 22 ಮಕ್ಕಳನ್ನು ಹತ್ತಿರ ಕೂರಿಸಿದರೆ ಧಾರಾಳ ಸಾಕು. ಗಾಜಿನ ಹೆಂಚು ಇದ್ದರೂ ಕಾಣುತ್ತೆ. ಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ (ಸರ್ಕಾರದ ಪಾಠದ ಆ್ಯಪ್) ವಿಡಿಯೋ ತೆರೆದು ಟಿವಿಗೆ ಹಾಕಿದರೆ ಆಯಿತು. 60 ಮಕ್ಕಳ ಕ್ಲಾಸ್ ಆಗಿದ್ದರೆ ಬೇರೆ ಮಾತು. 'ಪ್ರೊಜೆಕ್ಟರ್ ಇರುವ ಶಾಲೆ' ಅಂತ ಹೇಳಿಕೊಳ್ಳೋಕೆ ಚೆನ್ನಾಗಿರುತ್ತೆ, ನನಗೂ ಆ ಆಸೆ ಇತ್ತು ಅನ್ನಿ.

ರಾತ್ರಿ ಸಿನಿಮಾಗೆ ಮಾತ್ರ ಆ ಸಣ್ಣ ಪ್ರೊಜೆಕ್ಟರ್ ಬಂಗಾರ. ಪರದೆ ಆರಡಿ ಅಗಲಕ್ಕೆ ನಿಲ್ಲಿಸಿ, ಹತ್ತಡಿ ಮಾಡೋ ದುರಾಸೆ ಬೇಡ. ಅಗಲ ದುಪ್ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಬ್ಯಾನರ್ ಅಂಗಡಿಯಲ್ಲಿ ಪ್ರಿಂಟ್ ಮಾಡದ, ಹೊಳಪಿಲ್ಲದ ಬಿಳಿ ಫ್ಲೆಕ್ಸ್ ಕೇಳಿ. ಹೊಳೆಯುವುದಾದರೆ ನಡುವೆ ಒಂದೇ ಕಡೆ ಬೆಳಕು ಕುಕ್ಕುತ್ತೆ. ಬೆಡ್‌ಶೀಟ್ ಕಟ್ಟಿದರೆ ಒಂದಷ್ಟು ಬೆಳಕು ಹಿಂದಕ್ಕೇ ಹೋಗುತ್ತೆ, ಹಿಂದೆ ಕೂತವರಿಗೆ ಸಿನಿಮಾ ಎಡಬಲ ಉಲ್ಟಾ! ಡಿಸೆಂಬರ್‌ನಲ್ಲಿ ಇಬ್ಬನಿ ಜಾಸ್ತಿ, ಪ್ರೊಜೆಕ್ಟರ್ ಜಗಲಿಯಲ್ಲೇ ಇರಲಿ, ಪರದೆ ಅಂಗಳದಲ್ಲಿರಲಿ. ಅದರೊಳಗಿನ ಸ್ಪೀಕರ್ ಅಂಗಳಕ್ಕೆ ಸಾಲಲ್ಲ. ಸೌಂಡ್ ಬಾಕ್ಸಿಗೆ ವೈರ್‌ನಲ್ಲೇ ಕೊಡಿ, ಬ್ಲೂಟೂತ್ ಹಾಕಿದರೆ ಬಾಯಿ ಆಡಿದ ಮೇಲೆ ಮಾತು ಕೇಳಿಸೋದೂ ಉಂಟು.

ಆದರೆ ವರ್ಷಕ್ಕೆ ಮೂರ್ನಾಲ್ಕು ಸಿನಿಮಾಗೆ ಅಂತ ಸುಮ್ನೆ ಕೊಳ್ಳೋದು ಯಾಕೆ? ಶಾಮಿಯಾನ, ಸೌಂಡ್ ಕೊಡುವವರ ಹತ್ತಿರ ಬಾಡಿಗೆಗೆ ವಿಚಾರಿಸಿ. ಸಿಗದಿದ್ದರೆ ಮಳೆಗಾಲ ಕಳೆದ ಮೇಲೆ ನಮ್ಮದನ್ನೇ ಒಯ್ಯಿರಿ. ಎಚ್‌ಡಿಎಂಐ ಕೇಬಲ್ ಮಾತ್ರ ನೀವೇ ತನ್ನಿ, ನಮ್ಮದನ್ನು ಇಲಿ ಕಡಿದಿದೆ.